ಝಡ್/ವಿಎಂ ಡಿಸ್ಕ್ ಹಂಚಿಕೆ: ಕೈಬರಹದ ಡೈರೆಕ್ಟರಿಯೇ, ಡರ್‌ಮೇಂಟೇ, ಇಡೀ ಪ್ಯಾಕೇ?

ಐಬಿಎಂ ಮೇನ್‌ಫ್ರೇಮಿನಲ್ಲಿ ಹಲವು ವರ್ಚುವಲ್ ಯಂತ್ರಗಳನ್ನು ನಡೆಸುವ ಝಡ್/ವಿಎಂ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಬಂದವರು ಒಂದು ಸಂಗತಿಯನ್ನು ಮೊದಲ ದಿನವೇ ತಿಳಿದಿರಬೇಕು. ಒಂದೇ ಸಿಲಿಂಡರನ್ನು (ಡಿಸ್ಕಿನ ಜಾಗ ಅಳೆಯುವ ಘಟಕ) ಇಬ್ಬರಿಗೆ ಬರೆದುಕೊಟ್ಟರೂ ಸಿಸ್ಟಂ ತಡೆಯುವುದಿಲ್ಲ. ಯಾವ ಯೂಸರಿಗೆ ಯಾವ ಜಾಗ ಎಂದು ಬರೆದಿಡುವ ಡೈರೆಕ್ಟರಿ ಫೈಲಿನಲ್ಲಿ ಎರಡು ಮಿನಿಡಿಸ್ಕ್‌ಗಳ (ಡಿಸ್ಕಿನಿಂದ ಯೂಸರಿಗೆ ಕೊಟ್ಟ ತುಂಡು) ಎಲ್ಲೆ ಒಂದರ ಮೇಲೊಂದು ಬಿದ್ದಿದ್ದರೂ ಡೈರೆಕ್ಟ್‌ಎಕ್ಸ್‌ಎ ಕಮಾಂಡ್ ಸಾಲುಗಳ ವ್ಯಾಕರಣ ನೋಡಿ, ಸರಿಯಿದೆ ಎಂದು ಹೇಳಿ, ಅದನ್ನು ಚಾಲ್ತಿಗೆ ತರುತ್ತದೆ. ಇಬ್ಬರೂ ಲಾಗಾನ್ ಆಗುತ್ತಾರೆ, ಇಬ್ಬರೂ ಬರೆಯುತ್ತಾರೆ. ಯಾರ ಡೇಟಾ ಉಳಿಯುತ್ತದೆ ಎನ್ನುವುದು ಕೊನೆಯಲ್ಲಿ ಬರೆದವರು ಯಾರು ಎನ್ನುವುದರ ಮೇಲೆ ನಿಲ್ಲುತ್ತದೆ.

1972ರಲ್ಲಿ ವಿಎಂ/370 ಬಂದಾಗಿನಿಂದ ಮಿನಿಡಿಸ್ಕಿನ ಕಲ್ಪನೆ ಹೆಚ್ಚು ಬದಲಾಗಿಲ್ಲ. ಬದಲಾಗಿರುವುದು ಅದನ್ನು ಹಂಚುವ ದಾರಿಗಳು, ಈಗ ಅವು ಹಲವಿವೆ. ಯಾವುದನ್ನು ಹಿಡಿಯಬೇಕು ಎಂದು ಕೇಳಿದರೆ ಹೆಚ್ಚಿನವರು ನಿಮ್ಮಲ್ಲಿ ಡಿಸ್ಕ್ ಎಷ್ಟಿವೆ, ಗೆಸ್ಟ್‌ಗಳು (ಝಡ್/ವಿಎಂ ಮೇಲೆ ನಡೆಯುವ ವರ್ಚುವಲ್ ಯಂತ್ರಗಳು) ಎಷ್ಟಿವೆ ಎಂದು ಲೆಕ್ಕ ಕೇಳುತ್ತಾರೆ. ನಾನು ಕೇಳುವ ಪ್ರಶ್ನೆ ಬೇರೆ: ಡೈರೆಕ್ಟರಿಗೆ ಕೈ ಹಾಕುವವರು ಎಷ್ಟು ಜನ? ಒಬ್ಬರೇ ಆಗಿದ್ದರೆ ಸಾವಿರ ಮಿನಿಡಿಸ್ಕ್‌ಗಳನ್ನೂ ಕೈಯಲ್ಲೇ ನಿಭಾಯಿಸಬಹುದು. ಮೂರು ಶಿಫ್ಟುಗಳಲ್ಲಿ ಐದಾರು ಜನ ಆಗಿದ್ದರೆ ನೂರು ಮಿನಿಡಿಸ್ಕ್‌ಗಳಲ್ಲೇ ಎಡವಟ್ಟಾಗುತ್ತದೆ. ಬೆಂಗಳೂರಿನಲ್ಲಿ ಕೂತು ಹೊರದೇಶದ ಗ್ರಾಹಕರ ಮೇನ್‌ಫ್ರೇಮ್ ನೋಡಿಕೊಳ್ಳುವ ತಂಡಗಳೆಲ್ಲ ಸಾಮಾನ್ಯವಾಗಿ ಎರಡನೆಯ ಗುಂಪಿನವು.

ಓವರ್‌ಲ್ಯಾಪ್ ಹೇಗಾಗುತ್ತದೆ

ಯುಎಸ್‌ಆರ್‌ಎ01 ಎಂಬ ವಾಲ್ಯೂಮಿನಲ್ಲಿ (ಒಂದು ಪೂರ್ತಿ ಡಿಸ್ಕ್, ಪ್ಯಾಕ್ ಎಂದರೂ ಅದೇ) ಇಬ್ಬರು ಯೂಸರ್‌ಗಳಿಗೆ ಹೀಗೆ ಬರೆದಿದೆ ಎಂದಿಟ್ಟುಕೊಳ್ಳಿ:

ಎಂಡಿಸ್ಕ್ 0191 3390 0101 0050 ಯುಎಸ್‌ಆರ್‌ಎ01 ಎಂಆರ್
ಎಂಡಿಸ್ಕ್ 0191 3390 0150 0020 ಯುಎಸ್‌ಆರ್‌ಎ01 ಎಂಆರ್

ಎಂಡಿಸ್ಕ್ ಎಂಬ ಪದ ಬಿಟ್ಟು ಎಣಿಸಿದರೆ ಮೂರನೆಯ ಅಂಕಣ ಶುರುವಾಗುವ ಸಿಲಿಂಡರ್, ನಾಲ್ಕನೆಯದು ಎಷ್ಟು ಸಿಲಿಂಡರ್ ಎಂಬ ಲೆಕ್ಕ. ಮೊದಲನೆಯದು 101ರಿಂದ 50 ಸಿಲಿಂಡರ್, ಅಂದರೆ 150ರವರೆಗೆ, 150 ಸಹ ಸೇರಿ. ಎರಡನೆಯದು 151ರಿಂದ ಶುರುವಾಗಬೇಕಿತ್ತು, 150ರಿಂದ ಶುರುವಾಗಿದೆ. ಒಂದು ಸಿಲಿಂಡರಿನ ವ್ಯತ್ಯಾಸ. 3390 ಡಿಸ್ಕಿನಲ್ಲಿ ಒಂದು ಸಿಲಿಂಡರ್ ಎಂದರೆ 15 ಟ್ರ್ಯಾಕ್, ಸಿಎಂಎಸ್‌ನ (ಝಡ್/ವಿಎಂನಲ್ಲಿ ಯೂಸರ್‌ಗಳು ಕೆಲಸ ಮಾಡುವ ಪರಿಸರ) 4ಕೆ ಬ್ಲಾಕ್ ಲೆಕ್ಕದಲ್ಲಿ 180 ಬ್ಲಾಕ್.

ಈ 180 ಬ್ಲಾಕುಗಳು ಮೊದಲನೆಯವರಿಗೆ ಡಿಸ್ಕಿನ ಬಾಲ, ಎರಡನೆಯವರಿಗೆ ತಲೆ. ಸಿಎಂಎಸ್ ಲೇಬಲ್ ಇರುವುದು ಡಿಸ್ಕಿನ ಆರಂಭದ ಬ್ಲಾಕುಗಳಲ್ಲೇ. ಮೊದಲನೆಯವರ ಡಿಸ್ಕಿಗೆ ಯಾರಾದರೂ ಫಾರ್ಮ್ಯಾಟ್ ಕೊಟ್ಟರೆ ಆ ಕ್ಷಣವೇ ಎರಡನೆಯವರ ಲೇಬಲ್ ಹೋಯಿತು. ಏಕೆಂದರೆ ಫಾರ್ಮ್ಯಾಟ್ ಕೊನೆಯ ಸಿಲಿಂಡರಿನವರೆಗೂ ಬರೆಯುತ್ತದೆ. ಅದು ಒಂದು ರೀತಿಯಲ್ಲಿ ಪುಣ್ಯ, ಗಾಯ ಕೂಡಲೇ ಕಾಣುತ್ತದೆ. ಕೆಟ್ಟದ್ದು ಇನ್ನೊಂದು ಬಗೆ. ಮೊದಲನೆಯ ಡಿಸ್ಕ್ ಹಳೆಯದು, ಅರ್ಧ ಮಾತ್ರ ತುಂಬಿದೆ, ಎರಡನೆಯದನ್ನು ಹೊಸದಾಗಿ ಕೊಟ್ಟು ಫಾರ್ಮ್ಯಾಟ್ ಮಾಡಿದ್ದಾರೆ. ಆಗ ಇಬ್ಬರಿಗೂ ಏನೂ ತಿಳಿಯುವುದಿಲ್ಲ. ಮೊದಲನೆಯವರ ಫೈಲುಗಳು ಬೆಳೆದು ಆ ಬಾಲದ ಸಿಲಿಂಡರನ್ನು ಮುಟ್ಟುವವರೆಗೆ ತಿಂಗಳುಗಟ್ಟಲೆ ಎಲ್ಲವೂ ಸರಾಗ. ಮುಟ್ಟಿದ ದಿನ ಎರಡನೆಯವರು ಲಾಗಾನ್ ಆದರೆ ಅವರ ಮುಖ್ಯ ಡಿಸ್ಕಾದ ಎ ಡಿಸ್ಕೇ ಆಕ್ಸೆಸ್ ಆಗುವುದಿಲ್ಲ. ಅಷ್ಟರಲ್ಲಿ ಡೈರೆಕ್ಟರಿ ತಿದ್ದಿದವರು ಬೇರೆ ಪ್ರಾಜೆಕ್ಟಿಗೆ ಹೋಗಿರುತ್ತಾರೆ. ಬ್ಯಾಕಪ್‌ಗಳಲ್ಲಿ ಯಾವುದು ಸರಿ, ಯಾವುದು ಕೆಟ್ಟದ್ದು ಎಂದು ಹೇಳುವವರೂ ಇರುವುದಿಲ್ಲ.

ಡೈರೆಕ್ಟರಿ ಎಂದರೆ ಪಹಣಿ ಇದ್ದ ಹಾಗೆ. ಜಮೀನಿನ ಮೇಲೆ ಬೇಲಿ ಇರುವುದಿಲ್ಲ, ಕಾಗದದಲ್ಲಿ ಬರೆದ ಎಲ್ಲೆಯೇ ಬೇಲಿ. ಈ ಕೆಳಗಿನ ದಾರಿಗಳನ್ನು ತೂಗುವಾಗ ನಾನು ನೋಡುವುದು ಆ ಕಾಗದ ಯಾರ ಕೈಯಲ್ಲಿದೆ, ಒಂದೇ ಪ್ರತಿ ಇದೆಯೇ ಎಂಬುದನ್ನು.

ಕೈಬರಹದ ಡೈರೆಕ್ಟರಿ ಮತ್ತು ಡಿಸ್ಕ್‌ಮ್ಯಾಪ್

ಇದು ಎಲ್ಲಕ್ಕಿಂತ ಹಳೆಯ ದಾರಿ, ಕಾಸಿಲ್ಲದ ದಾರಿ. ಯೂಸರ್ ಡೈರೆಕ್ಟ್ ಎಂಬ ಫೈಲನ್ನು ಎಕ್ಸ್‌ಎಡಿಟ್‌ನಲ್ಲಿ ತೆರೆದು ಎಂಡಿಸ್ಕ್ ಸಾಲು ಸೇರಿಸುತ್ತೀರಿ. ಡಿಸ್ಕ್‌ಮ್ಯಾಪ್ ಓಡಿಸುತ್ತೀರಿ. ಅದು ಎಲ್ಲ ಎಂಡಿಸ್ಕ್ ಸಾಲುಗಳನ್ನೂ ವಾಲ್ಯೂಮ್ ಪ್ರಕಾರ, ಸಿಲಿಂಡರ್ ಕ್ರಮದಲ್ಲಿ ಜೋಡಿಸಿ ಯೂಸರ್ ಡಿಸ್ಕ್‌ಮ್ಯಾಪ್ ಎಂಬ ಫೈಲ್ ಮಾಡಿಕೊಡುತ್ತದೆ. ಖಾಲಿ ಜಾಗ ಇದ್ದಲ್ಲಿ ಗ್ಯಾಪ್ ಎಂದೂ ಎಲ್ಲೆ ದಾಟಿದ್ದಲ್ಲಿ ಓವರ್‌ಲ್ಯಾಪ್ ಎಂದೂ ಗುರುತು ಹಾಕುತ್ತದೆ. ಅದನ್ನು ಓದಿ ತೃಪ್ತಿಯಾದ ಮೇಲೆ ಡೈರೆಕ್ಟ್‌ಎಕ್ಸ್‌ಎ ಅನ್ನು ಎಡಿಟ್ ಆಯ್ಕೆ ಕೊಟ್ಟು ಒಮ್ಮೆ ಪರೀಕ್ಷೆಗೆ ಓಡಿಸಿ, ಆಮೇಲೆ ನಿಜಕ್ಕೆ ಓಡಿಸಬೇಕು.

ಕ್ರಮ ಮುಖ್ಯ. ಡಿಸ್ಕ್‌ಮ್ಯಾಪ್ ಮೊದಲು, ಡೈರೆಕ್ಟ್‌ಎಕ್ಸ್‌ಎ ಆಮೇಲೆ. ಅವಸರದಲ್ಲಿ ಇದು ತಿರುವುಮುರುವಾಗುತ್ತದೆ. "ಈಗ ಹಾಕಿಬಿಡೋಣ, ಮ್ಯಾಪ್ ಆಮೇಲೆ ನೋಡೋಣ" ಎನ್ನುವವರು ಆಮೇಲೆ ನೋಡಿದ್ದನ್ನು ನಾನು ಕಂಡಿಲ್ಲ.

ಡಿಸ್ಕ್‌ಮ್ಯಾಪ್ ಒಳ್ಳೆಯ ಸಾಧನ. ಆದರೆ ಅದು ಡೈರೆಕ್ಟರಿ ಫೈಲನ್ನು ಮಾತ್ರ ಓದುತ್ತದೆ, ಡಿಸ್ಕನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಅದಕ್ಕೆ ಕಾಣದ ಜಾಗಗಳು ನಾಲ್ಕು.

ಮೊದಲನೆಯದು ಸಿಪಿಯ (ಝಡ್/ವಿಎಂನ ತಿರುಳಾದ ಕಂಟ್ರೋಲ್ ಪ್ರೋಗ್ರಾಂ) ಸ್ವಂತ ಜಾಗ. ಪೇಜಿಂಗ್ (ಮೆಮೊರಿಯಿಂದ ಡಿಸ್ಕಿಗೆ ಹೋಗುವ ಪುಟಗಳು), ಸ್ಪೂಲ್ (ಪ್ರಿಂಟ್ ಮತ್ತು ರೀಡರ್ ಫೈಲುಗಳು), ಟಿ-ಡಿಸ್ಕ್ (ತಾತ್ಕಾಲಿಕ ಡಿಸ್ಕ್) ಇವುಗಳನ್ನು ಹಂಚುವುದು ಸಿಪಿಎಫ್‌ಎಂಟಿಎಕ್ಸ್‌ಎ ಎಂಬ ಕಮಾಂಡ್. ಆ ಲೆಕ್ಕ ಇರುವುದು ವಾಲ್ಯೂಮಿನ 0ನೆಯ ಸಿಲಿಂಡರಿನಲ್ಲಿ, ಡೈರೆಕ್ಟರಿಯಲ್ಲಲ್ಲ. ಪೇಜ್ ಎಂದು ಗುರುತಾದ ಜಾಗದಲ್ಲಿ ನೀವು ಮಿನಿಡಿಸ್ಕ್ ಕೊಟ್ಟರೆ ಸಿಪಿ ಅದರ ಮೇಲೆ ಪೇಜುಗಳನ್ನು ಬರೆಯುತ್ತದೆ. ಇದಕ್ಕೆ ಹಳಬರು ಕಂಡುಕೊಂಡ ಉಪಾಯವನ್ನು ಐಬಿಎಂ ಕೊಡುವ ಡೈರೆಕ್ಟರಿಯಲ್ಲೇ ನೋಡಬಹುದು: ಡಾಲರ್ ಗುರುತಿನ ನಡುವೆ ಅಲಾಕ್, ಪೇಜ್, ಸ್ಪೂಲ್, ಟಿಡಿಸ್ಕ್ ಎಂದು ಹೆಸರಿಟ್ಟ, ಯಾರೂ ಲಾಗಾನ್ ಆಗದ ಯೂಸರ್‌ಗಳು. ಅವರ ಹೆಸರಿನಲ್ಲಿ ಸಿಸ್ಟಂ ಜಾಗಗಳಿಗೆಲ್ಲ ಒಂದೊಂದು ಎಂಡಿಸ್ಕ್ ಸಾಲು ಬರೆದಿಟ್ಟರೆ ಡಿಸ್ಕ್‌ಮ್ಯಾಪ್‌ಗೆ ಆ ಜಾಗ ಕಾಣುತ್ತದೆ. ಹೊಸ ಪೇಜ್ ವಾಲ್ಯೂಮ್ ಸೇರಿಸಿದಾಗ ಈ ಸಾಲನ್ನೂ ಸೇರಿಸುವುದು ಕಡ್ಡಾಯ ಎಂದುಕೊಳ್ಳಿ. ಕ್ಯೂ ಅಲಾಕ್ ಮ್ಯಾಪ್ ಕೊಟ್ಟು ಸಿಪಿಯ ಲೆಕ್ಕಕ್ಕೂ ಡೈರೆಕ್ಟರಿಯ ಲೆಕ್ಕಕ್ಕೂ ಆಗಾಗ ತಾಳೆ ನೋಡಬೇಕು.

ಎರಡನೆಯದು ಪಕ್ಕದ ಎಲ್‌ಪಾರ್, ಅಂದರೆ ಮೇನ್‌ಫ್ರೇಮನ್ನು ಪಾಲು ಮಾಡಿ ಇನ್ನೊಂದು ಸಿಸ್ಟಂ ನಡೆಸುವ ಭಾಗ. ಒಂದೇ ವಾಲ್ಯೂಮ್ ಎರಡು ಝಡ್/ವಿಎಂಗಳಿಗೆ ಕಾಣುತ್ತಿದ್ದು ಎರಡಕ್ಕೂ ಬೇರೆ ಬೇರೆ ಡೈರೆಕ್ಟರಿ ಇದ್ದರೆ, ಎರಡರ ಡಿಸ್ಕ್‌ಮ್ಯಾಪ್ ಕೂಡ ಶುದ್ಧವಾಗಿ ಬರುತ್ತದೆ, ಓವರ್‌ಲ್ಯಾಪ್ ಮಾತ್ರ ಹಾಗೇ ಇರುತ್ತದೆ. 2011ರಲ್ಲಿ 6.2 ಆವೃತ್ತಿಯೊಂದಿಗೆ ಬಂದ ಸಿಂಗಲ್ ಸಿಸ್ಟಂ ಇಮೇಜ್ (ಎಸ್‌ಎಸ್‌ಐ, ಹಲವು ಝಡ್/ವಿಎಂಗಳು ಒಂದಾಗಿ ನಡೆಯುವ ಗುಂಪು) ಕ್ಲಸ್ಟರಿನಲ್ಲಿ ಸದಸ್ಯರೆಲ್ಲರಿಗೂ ಒಂದೇ ಮೂಲ ಡೈರೆಕ್ಟರಿ ಇರುವುದು ಈ ದೃಷ್ಟಿಯಿಂದ ದೊಡ್ಡ ಉಪಕಾರ.

ಮೂರನೆಯದು ಇನ್ನೂ ಬಿಡದ ಲಿಂಕ್, ಅಂದರೆ ಯೂಸರ್ ಒಂದು ಮಿನಿಡಿಸ್ಕಿಗೆ ಮಾಡಿಕೊಂಡ ಜೋಡಣೆ. ಡೈರೆಕ್ಟರಿ ಬದಲಾಯಿಸಿದ ಮಾತ್ರಕ್ಕೆ ಈಗಾಗಲೇ ಲಿಂಕ್ ಮಾಡಿಕೊಂಡವರ ಡಿಸ್ಕ್ ಬದಲಾಗುವುದಿಲ್ಲ. ಅವರು ಡಿಟ್ಯಾಚ್ ಮಾಡುವವರೆಗೆ ಅಥವಾ ಲಾಗಾಫ್ ಆಗುವವರೆಗೆ ಹಳೆಯ ಎಲ್ಲೆಯೇ ನಡೆಯುತ್ತದೆ. ಒಂದು ಮಿನಿಡಿಸ್ಕ್ ತೆಗೆದು ಆ ಜಾಗವನ್ನು ಅದೇ ದಿನ ಬೇರೆಯವರಿಗೆ ಕೊಟ್ಟರೆ, ಯಾವ ಪಟ್ಟಿಯಲ್ಲೂ ಕಾಣದ ಓವರ್‌ಲ್ಯಾಪ್ ತಯಾರಾಗುತ್ತದೆ. ಕ್ಯೂ ಸಿಸ್ಟಂ ಎಂದು ಆ ರಿಯಲ್ ಡಿವೈಸ್ ನಂಬರ್ ಕೊಟ್ಟರೆ ಆ ಪ್ಯಾಕಿಗೆ ಯಾರ್ಯಾರು ಲಿಂಕ್ ಆಗಿದ್ದಾರೆ ಎಂದು ತಿಳಿಯುತ್ತದೆ. ಅದನ್ನು ನೋಡದೆ ಜಾಗ ಮರುಹಂಚಿಕೆ ಮಾಡಬೇಡಿ.

ನಾಲ್ಕನೆಯದು ಉದ್ದೇಶಪೂರ್ವಕ ಓವರ್‌ಲ್ಯಾಪ್. ಸಿಸ್ಟಂ ನಿರ್ವಹಣೆಯ ಯೂಸರ್ ಆದ ಮೇಂಟ್‌ನ 0123ನಂಥ ಫುಲ್‌ಪ್ಯಾಕ್ ಮಿನಿಡಿಸ್ಕ್‌ಗಳು 0ನೆಯ ಸಿಲಿಂಡರಿನಿಂದ ಕೊನೆಯವರೆಗೆ ಇಡೀ ಪ್ಯಾಕನ್ನು ಹೊದ್ದಿರುತ್ತವೆ. ಬ್ಯಾಕಪ್ಪಿಗೆ, ಡೈರೆಕ್ಟರಿ ಬರೆಯುವುದಕ್ಕೆ ಅವು ಬೇಕೇ ಬೇಕು. ಇಂಥವು ಹೆಚ್ಚಾದಷ್ಟೂ ನಿಜವಾದ ಓವರ್‌ಲ್ಯಾಪ್ ಯಾವುದು, ಬೇಕೆಂದೇ ಇಟ್ಟದ್ದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಅವುಗಳನ್ನು ಒಂದಿಬ್ಬರು ಯೂಸರ್‌ಗಳ ಹೆಸರಿನಲ್ಲೇ ಇಟ್ಟು, ಪಕ್ಕದಲ್ಲಿ ಕಾಮೆಂಟ್ ಬರೆದಿಡಿ.

ಒಬ್ಬರು ಅಥವಾ ಇಬ್ಬರು ನೋಡಿಕೊಳ್ಳುವ, ವಾರಕ್ಕೊಮ್ಮೆಯೂ ಬದಲಾಗದ ಸಿಸ್ಟಮಿಗೆ ಈ ದಾರಿ ಸಾಕು. ಇಷ್ಟು ಶಿಸ್ತನ್ನು ಮೂರನೆಯವರಿಗೂ ನಾಲ್ಕನೆಯವರಿಗೂ ಬಾಯಿಮಾತಿನಲ್ಲಿ ದಾಟಿಸಲು ಆಗುವುದಿಲ್ಲ. ಅಲ್ಲಿಗೆ ಈ ದಾರಿಯ ಮಿತಿ ಮುಗಿಯಿತು.

ಡರ್‌ಮೇಂಟ್

ಡೈರೆಕ್ಟರಿ ನಿರ್ವಹಿಸುವ ಐಬಿಎಂ ಸಾಧನ ಡರ್‌ಮೇಂಟ್ ಝಡ್/ವಿಎಂ ಜೊತೆಯಲ್ಲೇ ಬರುತ್ತದೆ, ಆದರೆ ಹೆಚ್ಚುವರಿ ದುಡ್ಡು ಕೊಟ್ಟು ಚಾಲೂ ಮಾಡಿಕೊಳ್ಳಬೇಕು. ಮೂಲ ಡೈರೆಕ್ಟರಿಯನ್ನು ಡರ್‌ಮೇಂಟ್ ಎಂಬ ಸರ್ವರ್ ಯೂಸರ್ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಮನುಷ್ಯರು ಫೈಲ್ ತಿದ್ದುವುದು ನಿಲ್ಲುತ್ತದೆ, ಬದಲಿಗೆ ಕಮಾಂಡ್ ಕಳಿಸುತ್ತಾರೆ:

ಡರ್ಮ್ ಫಾರ್ ಲಿನಕ್ಸ್01 ಎಎಂಡಿಸ್ಕ್ 0201 ಎಕ್ಸ್‌ಎಕ್ಸ್‌ಎಕ್ಸ್‌ಎಕ್ಸ್ ಆಟೋಜಿ 3000 ಪೂಲ್1 ಎಂಆರ್

ಇದರಲ್ಲಿ ಶುರುವಿನ ಸಿಲಿಂಡರ್ ಎಲ್ಲೂ ಇಲ್ಲ ಎನ್ನುವುದನ್ನು ಗಮನಿಸಿ. ಪೂಲ್1 ಎಂಬ ಗುಂಪಿನಲ್ಲಿ 3000 ಸಿಲಿಂಡರ್ ಎಲ್ಲಾದರೂ ಕೊಡು ಎಂದಷ್ಟೇ ಕೇಳಿದ್ದೀರಿ. ಎಲ್ಲಿ ಖಾಲಿ ಇದೆ ಎಂದು ಹುಡುಕುವುದು, ಕೂಡಿ ಕಳೆಯುವುದು ಅದರ ಕೆಲಸ. 101ಕ್ಕೆ 50 ಕೂಡಿಸಿ ಒಂದು ಕಳೆಯಲು ಮರೆಯುವ ಮನುಷ್ಯ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಶುರುವಿನ ಸಿಲಿಂಡರನ್ನು ನೀವೇ ಹೇಳುವ ಅವಕಾಶವೂ ಇದೆ. ತೀರಾ ಬೇಕಾದ ಕಡೆ ಬಿಟ್ಟು ಬಳಸಬೇಡಿ.

ಗುಂಪುಗಳ ವಿವರ ಇರುವುದು ಎಕ್ಸ್‌ಟೆಂಟ್ ಕಂಟ್ರೋಲ್ ಎಂಬ ಫೈಲಿನಲ್ಲಿ. ರೀಜನ್ಸ್ ಭಾಗದಲ್ಲಿ ಯಾವ ವಾಲ್ಯೂಮಿನ ಎಷ್ಟರಿಂದ ಎಷ್ಟನೆಯ ಸಿಲಿಂಡರ್ ಹಂಚಿಕೆಗೆ ಸಿಗುತ್ತದೆ ಎಂದು ಬರೆಯಬೇಕು. 3390ರ ಮಾಡೆಲ್ 9ರಲ್ಲಿ 10,017 ಸಿಲಿಂಡರ್ ಇವೆ. ಎಣಿಕೆ 0ಯಿಂದ ಶುರುವಾಗುವುದರಿಂದ ಕೊನೆಯದು 10,016. 0ನೆಯದರಲ್ಲಿ ಲೇಬಲ್ ಇರುವುದರಿಂದ ಅದನ್ನು ಬಿಟ್ಟು 1ರಿಂದ 10,016 ಎಂದು ಬರೆಯಬೇಕು. ಗ್ರೂಪ್ಸ್ ಭಾಗದಲ್ಲಿ ಯಾವ ರೀಜನ್‌ಗಳು ಯಾವ ಪೂಲಿಗೆ ಸೇರಿವೆ, ಒಂದು ತುಂಬಿದ ಮೇಲೆ ಇನ್ನೊಂದೇ ಅಥವಾ ಸರದಿಯಂತೆ ಹಂಚಬೇಕೇ ಎಂದು ಹೇಳಬಹುದು. ಎಕ್ಸ್‌ಕ್ಲೂಡ್ ಭಾಗದಲ್ಲಿ ಫುಲ್‌ಪ್ಯಾಕ್ ಮಿನಿಡಿಸ್ಕ್‌ಗಳನ್ನು ಹೆಸರಿಸಿದರೆ ಅವು ಲೆಕ್ಕವನ್ನು ಕೆಡಿಸುವುದಿಲ್ಲ. ತಿದ್ದಿದ ಮೇಲೆ ಡರ್ಮ್ ಆರ್‌ಎಲ್‌ಡಿಎಕ್ಸ್‌ಟಿಎನ್ ಕೊಡದಿದ್ದರೆ ಹಳೆಯ ಲೆಕ್ಕವೇ ಮುಂದುವರಿಯುತ್ತದೆ.

ನನಗೆ ಇದರಲ್ಲಿ ಹೆಚ್ಚು ಬೆಲೆಯುಳ್ಳದ್ದು ಡೇಟಾಮೂವ್ ಎಂಬ ಜೊತೆಗಾರ ಸರ್ವರ್. ಸಿಎಂಡಿಸ್ಕ್ ಕೊಟ್ಟರೆ ಅದು ಹೊಸ ಜಾಗ ಹಿಡಿದು, ಸಿಎಂಎಸ್ ಫೈಲುಗಳನ್ನು ನಕಲು ಮಾಡಿ, ಆಮೇಲೆ ಹಳೆಯ ಜಾಗ ಬಿಡುತ್ತದೆ. ಡಿಸ್ಕ್ ಕ್ಲೀನಪ್ ಸೆಟ್ಟಿಂಗ್ ಯೆಸ್ ಎಂದಿದ್ದರೆ, ತೆಗೆದ ಮಿನಿಡಿಸ್ಕನ್ನು ಅಳಿಸಿ ಸ್ವಚ್ಛ ಮಾಡುವವರೆಗೆ ಆ ಜಾಗ ಯಾರಿಗೂ ಸಿಗುವುದಿಲ್ಲ. ಯಾರಾದರೂ ಇನ್ನೂ ಲಿಂಕ್ ಹಿಡಿದು ಕೂತಿದ್ದರೆ ಕಾಯುತ್ತದೆ. ಮೇಲೆ ಹೇಳಿದ ಮೂರನೆಯ ಕುರುಡು ಜಾಗ ಇದರಿಂದ ಮುಚ್ಚುತ್ತದೆ, ಹಿಂದಿನವರ ಡೇಟಾ ಮುಂದಿನವರ ಕಣ್ಣಿಗೆ ಬೀಳುವುದೂ ತಪ್ಪುತ್ತದೆ. ಬ್ಯಾಂಕಿನ ಸಿಸ್ಟಮಾಗಿದ್ದರೆ ಇದೊಂದೇ ಕಾರಣಕ್ಕೆ ಡರ್‌ಮೇಂಟ್ ತೆಗೆದುಕೊಳ್ಳಬಹುದು.

ಡರ್‌ಮೇಂಟ್‌ಗೂ ಸಿಪಿಯ ಪೇಜ್ ಜಾಗ ತಾನಾಗಿ ತಿಳಿಯುವುದಿಲ್ಲ. ರೀಜನ್ ಬರೆಯುವವರು ಆ ಸಿಲಿಂಡರುಗಳನ್ನು ಬಿಟ್ಟೇ ಬರೆಯಬೇಕು. ನನ್ನ ಸಲಹೆ ಇನ್ನೂ ಸರಳ: ಪೇಜ್ ಮತ್ತು ಸ್ಪೂಲ್‌ಗೆ ಇಡೀ ವಾಲ್ಯೂಮ್ ಕೊಡಿ, ಮಿನಿಡಿಸ್ಕ್ ಜೊತೆ ಒಂದೇ ಪ್ಯಾಕಿನಲ್ಲಿ ಬೆರೆಸಲೇಬೇಡಿ. ಡರ್‌ಮೇಂಟ್ ಇದ್ದರೂ ಡಿಸ್ಕ್‌ಮ್ಯಾಪ್ ಬಿಡಬೇಕಾಗಿಲ್ಲ. ಡರ್ಮ್ ಯೂಸರ್ ವಿತ್‌ಪಾಸ್ ಎಂದರೆ ಪೂರ್ತಿ ಡೈರೆಕ್ಟರಿಯ ಪ್ರತಿ ರೀಡರಿಗೆ ಬರುತ್ತದೆ, ಅದರ ಮೇಲೆ ಡಿಸ್ಕ್‌ಮ್ಯಾಪ್ ಓಡಿಸಿ ತಾಳೆ ನೋಡಬಹುದು. ಪಾಸ್‌ವರ್ಡ್‌ಗಳೂ ಇರುವ ಫೈಲ್ ಅದು, ಕೆಲಸ ಮುಗಿದ ಮೇಲೆ ಅಳಿಸಿಬಿಡಿ.

ಬ್ರಾಡ್‌ಕಾಮ್‌ನ ವಿಎಂ:ಸೆಕ್ಯೂರ್ ಕೂಡ ಇದೇ ಜಾತಿಯದು. ಡೈರೆಕ್ಟರಿ ನಿರ್ವಹಣೆಯ ಜೊತೆ ಭದ್ರತೆಯ ನಿಯಮಗಳನ್ನೂ ಒಂದೇ ಕಡೆ ಇಡುತ್ತದೆ. ಈಗಾಗಲೇ ಅದು ಇರುವ ಕಡೆ ಓವರ್‌ಲ್ಯಾಪ್ ಕಾರಣಕ್ಕೆ ಡರ್‌ಮೇಂಟ್‌ಗೆ ಬದಲಾಗುವ ಅಗತ್ಯ ನನಗೆ ಕಾಣುವುದಿಲ್ಲ.

ಇಡೀ ಪ್ಯಾಕ್ ಕೊಡುವುದು

ಗೆಸ್ಟ್‌ಗಳೆಲ್ಲ ಲಿನಕ್ಸ್ ಆಗಿದ್ದರೆ ಪ್ರಶ್ನೆಯೇ ಬೇರೆ. ಸಿಎಂಎಸ್ ಯೂಸರಿಗೆ 5 ಸಿಲಿಂಡರ್ ಸಾಕು, ಅದು ನಾಲ್ಕು ಎಂಬಿ ಕೂಡ ಆಗುವುದಿಲ್ಲ. ಲಿನಕ್ಸ್‌ಗೆ ಗಿಗಾಬೈಟುಗಳು ಬೇಕು. ಹಾಗಿದ್ದ ಮೇಲೆ ಪ್ಯಾಕನ್ನು ತುಂಡು ಮಾಡುವುದೇಕೆ? ಒಂದು ಗೆಸ್ಟಿಗೆ ಒಂದೋ ಎರಡೋ ಪೂರ್ಣ ವಾಲ್ಯೂಮ್ ಕೊಟ್ಟರೆ ಎಲ್ಲೆಯ ತಕರಾರೇ ಇಲ್ಲ.

ಕೊಡುವ ಬಗೆ ಎರಡು. ಡೆಡಿಕೇಟ್ ಸಾಲು ಬರೆದರೆ ಆ ಸಾಧನ ಪೂರ್ತಿ ಆ ಗೆಸ್ಟಿನದು, ಅದೇ ಸಿಸ್ಟಮಿನಲ್ಲಿ ಇನ್ನೊಬ್ಬರಿಗೆ ಸಿಪಿ ಅದನ್ನು ಕೊಡುವುದಿಲ್ಲ. ಇಲ್ಲಿ ಮಾತ್ರ ಸಿಸ್ಟಮೇ ಕಾವಲು ನಿಲ್ಲುತ್ತದೆ. ಆದರೆ ಮಿನಿಡಿಸ್ಕ್ ಕ್ಯಾಶ್ (ಓದಿದ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಅನುಕೂಲ) ಸಿಗುವುದಿಲ್ಲ, ಇನ್ನೊಬ್ಬರು ಲಿಂಕ್ ಮಾಡಿ ನೋಡಲೂ ಆಗುವುದಿಲ್ಲ. ಇನ್ನೊಂದು ಬಗೆ, ಇಡೀ ಪ್ಯಾಕನ್ನು ಒಂದೇ ಮಿನಿಡಿಸ್ಕ್ ಮಾಡಿ ಕೊಡುವುದು. ಇದರಲ್ಲಿ ಲಿಂಕ್ ಮಾಡಿಕೊಳ್ಳುವ ಅನುಕೂಲ ಉಳಿಯುತ್ತದೆ. ನಾನು ಸಾಮಾನ್ಯವಾಗಿ ಹೇಳುವುದು ಇದನ್ನೇ, ಒಂದು ಷರತ್ತಿನ ಮೇಲೆ: 0ಯಿಂದ ಅಲ್ಲ, 1ರಿಂದ ಶುರು ಮಾಡಿ.

ಕಾರಣ ಇಷ್ಟು. 0ನೆಯ ಸಿಲಿಂಡರಿನಲ್ಲಿ ವಾಲ್ಯೂಮಿನ ಹೆಸರಿದೆ. 0ಯಿಂದ ಕೊಟ್ಟರೆ ಲಿನಕ್ಸ್ ಅದನ್ನು ತನ್ನದೆಂದು ತಿಳಿದು, ಡಿಸ್ಕ್ ಫಾರ್ಮ್ಯಾಟ್ ಮಾಡುವ ಡಿಎಎಸ್‌ಡಿಎಫ್‌ಎಂಟಿ ಓಡಿಸಿದಾಗ ತನ್ನ ಲೇಬಲ್ ಬರೆಯುತ್ತದೆ. ಬೇರೆ ಹೆಸರು ಹೇಳದಿದ್ದರೆ ಸೊನ್ನೆ, ಎಕ್ಸ್, ಆಮೇಲೆ ಡಿವೈಸ್ ನಂಬರ್ ಇರುವ ಲೇಬಲ್ ಅದು. ಹತ್ತು ಗೆಸ್ಟ್‌ಗಳಲ್ಲಿ ಎಲ್ಲರಿಗೂ ಡಿಸ್ಕ್ 0201 ಎಂದೇ ಇದ್ದರೆ ಹತ್ತು ಪ್ಯಾಕುಗಳಿಗೂ ಒಂದೇ ಹೆಸರು ಬೀಳುತ್ತದೆ. ಸಿಸ್ಟಂ ನಡೆಯುತ್ತಿರುವಾಗ ಏನೂ ಗೊತ್ತಾಗುವುದಿಲ್ಲ. ಮುಂದಿನ ಐಪಿಎಲ್‌ನಲ್ಲಿ, ಅಂದರೆ ಸಿಸ್ಟಂ ಮತ್ತೆ ಎಬ್ಬಿಸುವಾಗ, ಸಿಪಿ ಹಳೆಯ ಹೆಸರು ಹುಡುಕುತ್ತದೆ, ಆ ಹೆಸರಿನ ಪ್ಯಾಕೇ ಇರುವುದಿಲ್ಲ. 1ರಿಂದ ಕೊಟ್ಟರೆ ಗೆಸ್ಟಿನ 0ನೆಯ ಸಿಲಿಂಡರ್ ನಿಜದಲ್ಲಿ 1ನೆಯದು, ಅಲ್ಲಿ ಏನು ಬೇಕಾದರೂ ಬರೆದುಕೊಳ್ಳಲಿ. ಹೋಗುವುದು ಒಂದು ಸಿಲಿಂಡರ್ ಮಾತ್ರ.

ಸ್ಯಾನ್ (ಸ್ಟೋರೇಜ್ ನೆಟ್‌ವರ್ಕ್) ಮೇಲಿರುವ ಎಫ್‌ಸಿಪಿ ಡಿಸ್ಕುಗಳಿಗೆ ಹೋದರೆ ಸಿಲಿಂಡರ್ ಲೆಕ್ಕವೇ ಇಲ್ಲ. ಅಲ್ಲಿ ಎಲ್ಲೆ ಕಾಯುವುದು ಸ್ಟೋರೇಜ್ ತಂಡದ ಝೋನಿಂಗ್ ಮತ್ತು ಲನ್ ಮಾಸ್ಕಿಂಗ್, ಅಂದರೆ ಯಾರಿಗೆ ಯಾವ ಲನ್ (ಅಲ್ಲಿನ ಒಂದು ಡಿಸ್ಕ್) ಕಾಣಬೇಕು ಎಂಬ ನಿಯಮ. ಪ್ರತಿ ಗೆಸ್ಟಿಗೂ ಸ್ಯಾನ್‌ನಲ್ಲಿ ಬೇರೆ ಗುರುತು ಕೊಡುವ ಎನ್‌ಪಿಐವಿ ಆನ್ ಇರಲೇಬೇಕು. ಇಲ್ಲದಿದ್ದರೆ ಒಂದೇ ಕಾರ್ಡ್ ಹಂಚಿಕೊಂಡ ಗೆಸ್ಟ್‌ಗಳೆಲ್ಲ ಸ್ಯಾನ್‌ಗೆ ಒಬ್ಬರಂತೆಯೇ ಕಾಣುತ್ತಾರೆ, ಒಬ್ಬರ ಲನ್ ಇನ್ನೊಬ್ಬರಿಗೆ ತೆರೆದಿರುತ್ತದೆ. ಇದೂ ಓವರ್‌ಲ್ಯಾಪೇ, ಡಿಸ್ಕ್‌ಮ್ಯಾಪ್ ಇದನ್ನು ಎಂದೂ ತೋರಿಸುವುದಿಲ್ಲ.

ಲಿನಕ್ಸ್ ಸ್ವಾಪ್‌ಗೆ ಮಿನಿಡಿಸ್ಕ್ ಕೊಡುವವರು ವಿ-ಡಿಸ್ಕ್ ನೋಡಲಿ. ಅದು ಮೆಮೊರಿಯಲ್ಲಿರುತ್ತದೆ, ಹಂಚಬೇಕಾದ ಸಿಲಿಂಡರೇ ಇಲ್ಲ. ತಾತ್ಕಾಲಿಕ ಕೆಲಸಕ್ಕೆ ಟಿ-ಡಿಸ್ಕ್ ಇದೆ, ಲಾಗಾಫ್ ಆದಾಗ ತಾನೇ ಹೋಗುತ್ತದೆ.

ಎಸ್‌ಎಫ್‌ಎಸ್

ಸಿಎಂಎಸ್ ಯೂಸರ್‌ಗಳೇ ಹೆಚ್ಚಿರುವ ಕಡೆ ಶೇರ್ಡ್ ಫೈಲ್ ಸಿಸ್ಟಂ ಅನ್ನು ಮರೆತವರೇ ಹೆಚ್ಚು. ವಿಎಂ/ಎಸ್‌ಪಿ 6ರ ಕಾಲದಿಂದ ಇದೆ. ಯೂಸರಿಗೆ ಸಿಲಿಂಡರ್ ಕೊಡುವುದಿಲ್ಲ, ಫೈಲ್ ಪೂಲಿನಲ್ಲಿ ಇಷ್ಟು 4ಕೆ ಬ್ಲಾಕ್ ಎಂದು ಮಿತಿ ಕೊಡುತ್ತೀರಿ. ಜಾಗ ಸಾಲದಿದ್ದರೆ ಮಾಡಿಫೈ ಯೂಸರ್ ಎಂದು ಮಿತಿ ಏರಿಸಿದರೆ ಮುಗಿಯಿತು. ಡಿಸ್ಕ್ ಸರಿಸುವುದು, ನಕಲು ಮಾಡುವುದು ಯಾವುದೂ ಇಲ್ಲ. ಒಂದೇ ಮಿನಿಡಿಸ್ಕನ್ನು ಎಂಡಬ್ಲ್ಯು ಮೋಡಿನಲ್ಲಿ (ಹಲವರು ಬರೆಯಬಹುದಾದ ಲಿಂಕ್) ಇಬ್ಬರು ಸಿಎಂಎಸ್ ಯೂಸರ್‌ಗಳು ಬರೆದರೆ, ಎಲ್ಲೆ ಸರಿಯಿದ್ದರೂ ಡಿಸ್ಕ್ ಹಾಳಾಗುತ್ತದೆ. ಎಸ್‌ಎಫ್‌ಎಸ್‌ನಲ್ಲಿ ಫೈಲ್ ಮಟ್ಟದ ಲಾಕ್ ಇರುವುದರಿಂದ ಆ ಭಯವಿಲ್ಲ.

ಆದರೆ ಲಿನಕ್ಸ್‌ಗೆ ಇದರಿಂದ ಪ್ರಯೋಜನವಿಲ್ಲ. ಸರ್ವರ್ ಎದ್ದಿಲ್ಲದಿದ್ದರೆ ಯಾರಿಗೂ ಫೈಲ್ ಸಿಗುವುದಿಲ್ಲ, ಹಾಗಾಗಿ ಸಿಸ್ಟಂ ಎಬ್ಬಿಸಲು ಬೇಕಾದ ಡಿಸ್ಕುಗಳನ್ನು ಮಿನಿಡಿಸ್ಕಿನಲ್ಲೇ ಇಡಿ. ಮಿತಿಗಳ ಮೊತ್ತ ನಿಜವಾದ ಜಾಗಕ್ಕಿಂತ ಹೆಚ್ಚಿರಬಹುದು. ಎಲ್ಲರೂ ಒಟ್ಟಿಗೆ ತುಂಬಿಸಿದರೆ ಪೂಲ್ ತುಂಬಿ ಎಲ್ಲರೂ ನಿಲ್ಲುತ್ತಾರೆ.

ಯಾರಿಗೆ ಯಾವುದು

ಒಂದಿಬ್ಬರೇ ಕೈ ಹಾಕುವ ಚಿಕ್ಕ ಸಿಸ್ಟಂ: ಕೈಬರಹ, ಡಿಸ್ಕ್‌ಮ್ಯಾಪ್, ಡಾಲರ್ ಯೂಸರ್‌ಗಳು. ಲಿನಕ್ಸ್ ಗೆಸ್ಟ್‌ಗಳೇ ಎಲ್ಲ, ಸ್ಟೋರೇಜ್ ಧಾರಾಳ: 1ರಿಂದ ಶುರುವಾಗುವ ಪೂರ್ಣ ಪ್ಯಾಕ್ ಮಿನಿಡಿಸ್ಕ್. ಸಿಎಂಎಸ್ ಯೂಸರ್‌ಗಳು ದಿನಾ ಜಾಗ ಕೇಳುವ ಕಡೆ: ಎಸ್‌ಎಫ್‌ಎಸ್. ಮೂರಕ್ಕಿಂತ ಹೆಚ್ಚು ಜನ ಡೈರೆಕ್ಟರಿ ಬದಲಿಸುವ ಕಡೆ, ಅಥವಾ ಎಸ್‌ಎಸ್‌ಐ ಕ್ಲಸ್ಟರ್ ಇರುವ ಕಡೆ: ಡರ್‌ಮೇಂಟ್, ಎರಡನೆಯ ಮಾತಿಲ್ಲ. ದುಡ್ಡು ಹೆಚ್ಚಾಯಿತು ಎನ್ನುವ ಮ್ಯಾನೇಜರಿಗೆ ಒಂದು ಓವರ್‌ಲ್ಯಾಪ್ ಬಿಡಿಸಲು ಬೇಕಾಗುವ ಡೌನ್‌ಟೈಮ್ ಎಷ್ಟು ಎಂದು ಲೆಕ್ಕ ಹಾಕಿ ತೋರಿಸಿ.

ಕೈಬರಹದಿಂದ ಡರ್‌ಮೇಂಟ್‌ಗೆ ಹೋಗುವವರು ಮೊದಲು ಹಳೆಯ ಡೈರೆಕ್ಟರಿಯ ಓವರ್‌ಲ್ಯಾಪ್‌ಗಳನ್ನು ಬಿಡಿಸಿಕೊಳ್ಳಿ, ಅವನ್ನು ಹೊಸ ಮನೆಗೆ ಒಯ್ಯಬೇಡಿ. ಬಿಡಿಸುವಾಗ ಡೈರೆಕ್ಟರಿಯ ಅಂಕಿ ತಿದ್ದಲು ಹೋಗಬೇಡಿ, ಅಂಕಿ ಬದಲಾದರೆ ಒಳಗಿನ ಡೇಟಾ ಸರಿಯುವುದಿಲ್ಲ. ಇಬ್ಬರನ್ನೂ ಲಾಗಾಫ್ ಮಾಡಿಸಿ, ಯಾರ ಫೈಲುಗಳು ಓದಲು ಬರುತ್ತವೆ ಎಂದು ನೋಡಿ, ಎರಡಕ್ಕೂ ಬೇರೆ ಜಾಗದಲ್ಲಿ ಹೊಸ ಮಿನಿಡಿಸ್ಕ್ ಕೊಟ್ಟು, ಓದಬಂದ ಫೈಲುಗಳನ್ನು ಒಂದೊಂದಾಗಿ ನಕಲು ಮಾಡಿ, ಉಳಿದದ್ದನ್ನು ಬ್ಯಾಕಪ್ಪಿನಿಂದ ತನ್ನಿ. ಹಳೆಯ ಎರಡೂ ಎಲ್ಲೆಗಳನ್ನು ಆಮೇಲೆ ತೆಗೆಯಿರಿ.

ಡರ್‌ಮೇಂಟ್ ಚಾಲೂ ಆದ ದಿನವೇ ಪಿಮೇಂಟ್ ಎಂಬ ಯೂಸರಿನ 2ಸಿಸಿ ಡಿಸ್ಕಿನಲ್ಲಿರುವ ಹಳೆಯ ಯೂಸರ್ ಡೈರೆಕ್ಟ್ ಫೈಲಿನ ಹೆಸರು ಬದಲಾಯಿಸಿ. ರಾತ್ರಿ ಶಿಫ್ಟಿನವರು ಅಭ್ಯಾಸಬಲದಿಂದ ಅದನ್ನೇ ತಿದ್ದಿ ಡೈರೆಕ್ಟ್‌ಎಕ್ಸ್‌ಎ ಕೊಟ್ಟರೆ, ಡರ್‌ಮೇಂಟ್ ಅಂದಿನಿಂದ ಕೊಟ್ಟ ಮಿನಿಡಿಸ್ಕ್‌ಗಳೆಲ್ಲ ಚಾಲ್ತಿ ಡೈರೆಕ್ಟರಿಯಿಂದ ಮಾಯವಾಗಿ, ಆ ಸಿಲಿಂಡರುಗಳು ಖಾಲಿ ಎಂದು ಹಳೆಯ ಪಟ್ಟಿಯಲ್ಲಿ ಕಾಣುತ್ತವೆ. ಡೈರೆಕ್ಟರಿ ಬರೆಯುವ ಪ್ಯಾಕಿಗೆ ರೈಟ್ ಲಿಂಕ್ ಯಾರ್ಯಾರಿಗೆ ಇದೆ ಎಂದು ನೋಡಿ, ಡರ್‌ಮೇಂಟ್ ಮತ್ತು ತುರ್ತಿಗೆ ಒಬ್ಬ ಯೂಸರ್ ಬಿಟ್ಟು ಉಳಿದವರಿಗೆ ತೆಗೆದುಹಾಕಿ.